ಇಳಕಲ್ಲಿನ ನೂಲು-ಬಣ್ಣದ ರೆಸಿಡೆನ್ಸಿ: ನೀಲಿ ಹಂಡೆಗೆ ಪೂರ್ತಿ ಅಂಕ, ಮಗ್ಗಕ್ಕೆ ಅರ್ಧ

ಇಳಕಲ್ಲಿನ ನೇಕಾರರ ಓಣಿಯ ಅಂಚಿನಲ್ಲಿ ನಡೆಯುವ ಈ ಕಲಾವಿದರ ರೆಸಿಡೆನ್ಸಿ, ಅಂದರೆ ಅಲ್ಲೇ ಉಳಿದು ಕಲಿತು ಕೆಲಸ ಮಾಡುವ ಶಿಬಿರ, ನಾಲ್ಕು ವಾರದ್ದು. ಹೆಸರು ಹಾಕುತ್ತಿಲ್ಲ. ಗುಣದ ಜೊತೆಗೆ ಕೊರತೆಯನ್ನೂ ಬಿಡಿಸಿ ಹೇಳಬೇಕಾಗಿದೆ, ಮೇಲಾಗಿ ಅದೇ ಕೊರತೆ ಇಂಥ ಬೇರೆ ಶಿಬಿರಗಳಲ್ಲೂ ಇದೆ. ನೈಸರ್ಗಿಕ ಬಣ್ಣ ಹಾಕುವುದನ್ನು ಕಲಿಯಬೇಕೆನ್ನುವವರು ನಿಶ್ಚಿಂತೆಯಿಂದ ಸೇರಬಹುದು. ಮಗ್ಗದ ಮೇಲೆ ಏನಾದರೂ ಹೊಸದು ಮಾಡಬೇಕೆನ್ನುವವರು ಮಾತ್ರ ಮೊದಲೇ ಕೆಲವು ವಿಷಯ ಗಟ್ಟಿ ಮಾಡಿಕೊಂಡು ಬರಬೇಕು.

ಎಲ್ಲಕ್ಕಿಂತ ಮೊದಲು ಮೆಚ್ಚಬೇಕಾದದ್ದು, ಇಲ್ಲಿ ಪಾಠ ಬಟ್ಟೆಯಿಂದ ಶುರುವಾಗುವುದಿಲ್ಲ, ನೂಲಿನಿಂದ ಶುರುವಾಗುತ್ತದೆ. ಬಹಳಷ್ಟು ನೈಸರ್ಗಿಕ ಬಣ್ಣದ ಕಾರ್ಯಾಗಾರಗಳಲ್ಲಿ ನೇಯ್ದ ಬಿಳಿ ಸ್ಟೋಲ್ ಒಂದನ್ನು ಕೈಗೆ ಕೊಟ್ಟು, ಕಟ್ಟಿ ಅದ್ದಿಸಿ, ಸಂಜೆಗೆ ಮನೆಗೆ ಕಳಿಸುತ್ತಾರೆ. ಅಲ್ಲಿ ಬಣ್ಣ ಹೆಚ್ಚುಕಡಿಮೆಯಾದರೆ ಅದೇ ಚೆಂದ ಎನ್ನಬಹುದು. ಇಳಕಲ್ ಸೀರೆಗೆ ಆ ರಿಯಾಯಿತಿ ಇಲ್ಲ. ಒಡಲು, ದಡಿ, ಸೆರಗು ಮೂರಕ್ಕೂ ನೂಲಿಗೇ ಮೊದಲು ಬಣ್ಣವಾಗಬೇಕು. ಒಂದು ಲಡಿಯಲ್ಲಿ (ಸುತ್ತಿದ ನೂಲಿನ ಕಟ್ಟಿನಲ್ಲಿ) ಅಂಗೈಯಷ್ಟು ಜಾಗ ತಿಳಿಯಾದರೂ ಅದು ಹಾಸಿನಲ್ಲಿ, ಅಂದರೆ ಮಗ್ಗದ ಉದ್ದ ಎಳೆಗಳಲ್ಲಿ, ಹರಡಿ ಸೀರೆಯ ಉದ್ದಕ್ಕೂ ಅಲ್ಲಲ್ಲಿ ಮಸುಕು ಗೀರಾಗಿ ಕಾಣುತ್ತದೆ. ಆದ್ದರಿಂದ ಇಲ್ಲಿ ಕಲಿತವರ ಕೈಗೆ ಒಂದು ಶಿಸ್ತು ಬರುತ್ತದೆ. ಸ್ಟೋಲ್ ಅದ್ದಿ ಕಲಿತವರಿಗೆ ಅದು ಬರುವುದು ಕಷ್ಟ.

ಮೊದಲ ವಾರದ ಬಹುಪಾಲು ನೂಲು ಕುದಿಸಿ ತೊಳೆಯುವುದಕ್ಕೇ ಹೋಗುತ್ತದೆ. ಕೆಲವರಿಗೆ ಇದು ಬೇಸರ ತರಿಸುತ್ತದೆ, ಆದರೆ ಬಣ್ಣದ ಅರ್ಧ ಹಣೆಬರಹ ಇಲ್ಲೇ ತೀರ್ಮಾನವಾಗುವುದು. ಹತ್ತಿ ಲಡಿಗಳನ್ನು ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದರೆ ಕಟ್ಟಿನ ಕೆಳಗೆ ಬಣ್ಣ ಇಳಿಯದೆ ಬಿಳಿ ಪಟ್ಟಿ ಉಳಿಯುತ್ತದೆ. ಕಟ್ಟದೆ ಬಿಟ್ಟರೆ ಸಿಕ್ಕುಬಿದ್ದು ರಾಟಿಗೆ ಹಾಕುವಾಗ ಅರ್ಧ ನೂಲು ಹಾಳು. ಕಿಲೋ ನೂಲಿಗೆ 30ರಿಂದ 40 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸಾಬೂನು ಹಾಕಿ ಎರಡು ತಾಸು ಕುದಿಸುತ್ತಾರೆ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಣಗಿದ ಲಡಿಯ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಮುತ್ತಿನಂತೆ ನಿಂತರೆ ಮತ್ತೆ ಕುದಿಸಬೇಕು, ಕೂಡಲೇ ಇಂಗಿದರೆ ನೂಲು ಸಿದ್ಧ. ರೇಷ್ಮೆಗೆ ಸಾಬೂನಿನ ನೀರಿನಲ್ಲಿ ಅಂಟು ಬಿಡಿಸುತ್ತಾರೆ. ಕಚ್ಚಾ ರೇಷ್ಮೆ ಇಲ್ಲಿ ತೂಕದ ಕಾಲುಭಾಗದಷ್ಟು ಕಳೆದುಕೊಳ್ಳುತ್ತದೆ. ಬಣ್ಣದ ಲೆಕ್ಕವನ್ನೆಲ್ಲ ಅಂಟು ಬಿಟ್ಟ ಮೇಲಿನ ಒಣ ತೂಕದ ಮೇಲೆಯೇ ಹಾಕಬೇಕೆಂದು ಇಲ್ಲಿ ಪಟ್ಟು ಹಿಡಿದು ಕಲಿಸುತ್ತಾರೆ. ಅದು ಸರಿಯಾದ ಪಟ್ಟು.

ಈ ಜಾಗದ ಜೀವ ನೀಲಿ ಹಂಡೆ, ಅಂದರೆ ನೀಲಿ (ಇಂಡಿಗೊ) ಬಣ್ಣ ಕರಗಿಸಿ ನೂಲು ಅದ್ದುವ ಪಾತ್ರೆ. ಇಳಕಲ್-ಗುಳೇದಗುಡ್ಡದ ಕಡೆ ನೀಲಿ ಬಣ್ಣ ಹೊಸದೇನಲ್ಲ. ನೀಲಗಾರ ಎಂಬ ಮನೆತನದ ಹೆಸರು ಈ ಸೀಮೆಯಲ್ಲಿ ಇಂದಿಗೂ ಇದೆ. ಆದರೆ ಹುದುಗು ಬರಿಸಿದ ನೀಲಿ ಹಂಡೆಯನ್ನು ದಿನವೂ ಜೀವಂತ ಇಟ್ಟುಕೊಂಡಿರುವ ಜಾಗಗಳು ಅಪರೂಪವಾಗಿವೆ. ಇಲ್ಲಿ ಎರಡು ಬಗೆಯ ಹಂಡೆಗಳಿವೆ. ಒಂದು ತಗಚಿ ಬೀಜದ್ದು: ಬೀಜವನ್ನು ಮೆತ್ತಗಾಗುವ ತನಕ ಬೇಯಿಸಿ, ನೀರಿನ ಸಮೇತ ನೀಲಿಯ ಪುಡಿ ಮತ್ತು ಸುಣ್ಣದ ಜೊತೆ ನೆಲದಲ್ಲಿ ಹೂತ ಹರವಿಗೆ ಹಾಕುತ್ತಾರೆ. ಹರವಿ ನೆಲದಲ್ಲಿರುವುದಕ್ಕೆ ಕಾರಣವಿದೆ, ಹುದುಗಿಗೆ ಹಗಲು-ರಾತ್ರಿಯ ಬಿಸಿ ಹೆಚ್ಚು ಏರುಪೇರಾಗಬಾರದು. ಇದು ಬರಲು ಒಂದು ವಾರದ ಮೇಲೂ ಬೇಕಾಗುತ್ತದೆ, ಚಳಿ ಬಿದ್ದರೆ ಇನ್ನೂ ತಡ. ಇನ್ನೊಂದು ಬೆಲ್ಲದ ಹಂಡೆ, ಹೊಸಬರು ಕೈ ಪಳಗಿಸಿಕೊಳ್ಳುವುದಕ್ಕೆ. ನೀಲಿ ಒಂದು ಪಾಲು, ಸುಣ್ಣ ಎರಡು, ಬೆಲ್ಲ ಮೂರು. 40 ಲೀಟರ್ ನೀರಿಗೆ 200 ಗ್ರಾಂ ನೀಲಿ, 400 ಗ್ರಾಂ ಸುಣ್ಣ, 600 ಗ್ರಾಂ ಬೆಲ್ಲ ಹಾಕಿದರೆ ನಡುಮಟ್ಟದ ಹಂಡೆ. ಬೆಲ್ಲ ಮಹಾಲಿಂಗಪುರದ ಕಡೆಯಿಂದಲೇ ಬರುತ್ತದೆ, ಆದರೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವ ಹೊಂಬಣ್ಣದ ಅಚ್ಚಲ್ಲ. ಕಪ್ಪಗೆ, ಜಿಗುಟಾಗಿ, ನೀರೊಡೆದ ಬೆಲ್ಲವೇ ಬೇಕು. ನೀಲಿಯನ್ನು ಕರಗುವಂತೆ ಮಾಡುವ ಕೆಲಸ ಬೆಲ್ಲದಲ್ಲಿ ಒಡೆದ ಸಕ್ಕರೆಯದ್ದು. ಅದು ಕಪ್ಪು ಬೆಲ್ಲದಲ್ಲಿ ಹೆಚ್ಚು. ಹೊಂಬಣ್ಣದ್ದನ್ನೇ ಹಾಕಿದರೆ ಹಂಡೆ ಏಳುವುದಕ್ಕೆ ತಡ, ಒಮ್ಮೊಮ್ಮೆ ಏಳುವುದೂ ಇಲ್ಲ.

ಹಂಡೆ ಬಂದಿದೆಯೋ ಇಲ್ಲವೋ ಎಂದು ನೋಡುವುದನ್ನು ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿರಬೇಕು, ನಡುವೆ ಕಡುನೀಲಿ ನೊರೆ ಗುಂಪಾಗಿ ನಿಂತಿರಬೇಕು, ಕೆನೆ ಸರಿಸಿದರೆ ಒಳಗಿನ ನೀರು ಹಳದಿಗೂ ಹಸಿರಿಗೂ ನಡುವಿನ ಬಣ್ಣದಲ್ಲಿರಬೇಕು. ಒಳನೀರು ನೀಲಿಯಾಗಿಯೇ ಇದ್ದರೆ ಬಣ್ಣ ಇನ್ನೂ ಕರಗಿಲ್ಲ. ಆಗ ಅದ್ದಿದ ನೂಲು ಮೊದಲ ತೊಳೆತಕ್ಕೇ ಬೆಳ್ಳಗಾಗುತ್ತದೆ. ಬೆಳಿಗ್ಗೆ ಮೊದಲ ಕೆಲಸ, ಕ್ಷಾರ ಎಷ್ಟಿದೆಯೆಂದು ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡುವುದು. ತಗಚಿಯ ಹಂಡೆಯಲ್ಲಿ ಅದು ಹತ್ತರಿಂದ ಹನ್ನೊಂದರ ನಡುವೆ ಇದ್ದರೆ ಸರಿ. ಒಂಬತ್ತೂವರೆಗಿಂತ ಕೆಳಗಿಳಿದು ಕೊಳೆತ ವಾಸನೆ ಬಂದರೆ ಚಮಚ ಚಮಚವಾಗಿ ಸುಣ್ಣ. ಹನ್ನೊಂದೂವರೆ ದಾಟಿದರೆ ಹುದುಗು ಉಸಿರುಗಟ್ಟಿ ನಿಂತುಬಿಡುತ್ತದೆ, ಆಗ ಬೀಜ ಬೇಯಿಸಿದ ನೀರು ಕೊಟ್ಟು ಒಂದು ದಿನ ಮುಟ್ಟದೆ ಬಿಡಬೇಕು. ಹಂಡೆ ಹಾಳಾಯಿತೆಂದು ಚೆಲ್ಲುವವರೇ ಹೆಚ್ಚು. ಬಹಳ ಸಲ ಅದಕ್ಕೆ ಬೇಕಾಗಿರುವುದು ವಿಶ್ರಾಂತಿ ಮಾತ್ರ.

ಅದ್ದುವಾಗ ಲಡಿ ಮೊದಲೇ ನೀರಲ್ಲಿ ನೆನೆದು ಹಿಂಡಿರಬೇಕು. ಒಣ ಲಡಿ ತನ್ನೊಳಗಿನ ಗಾಳಿಯನ್ನು ಹಂಡೆಗೆ ಒಯ್ಯುತ್ತದೆ, ಆ ಗಾಳಿ ಕರಗಿದ ನೀಲಿಯನ್ನು ಮತ್ತೆ ಗಟ್ಟಿ ಮಾಡುತ್ತದೆ. ಕೆನೆ ಸರಿಸಿ, ನೂಲನ್ನು ನಿಧಾನ ಇಳಿಸಿ, ತಳದ ಗಸಿ ಮುಟ್ಟದಂತೆ ಎರಡು-ಮೂರು ನಿಮಿಷ ಆಡಿಸಿ, ಹನಿ ಸಿಡಿಸದೆ ಹೊರಗೆ ತೆಗೆಯಬೇಕು. ಹೊರಬಂದಾಗ ಹಳದಿಹಸಿರು; ಗಾಳಿಗೆ ಹಿಡಿದು ಬಿಡಿಸುತ್ತಾ ಹೋದಂತೆ ತುದಿಯಿಂದ ನೀಲಿಗೆ ತಿರುಗುತ್ತದೆ. ಹತ್ತು-ಹದಿನೈದು ನಿಮಿಷ ಗಾಳಿ ಕುಡಿದ ಮೇಲೆ ಮತ್ತೆ ಅದ್ದಬೇಕು. ಕಡುನೀಲಿಗೆ ಎಂಟು-ಹತ್ತು ಸಲ ಬೇಕು. ಅವಸರ ಮಾಡಿ ಒಂದೇ ಸಲಕ್ಕೆ ಅರ್ಧ ತಾಸು ಮುಳುಗಿಸಿಟ್ಟರೆ ಬಣ್ಣ ಮೇಲ್ಮೈಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಒಳಕ್ಕೆ ಇಳಿಯುವುದಿಲ್ಲ. ಅಂಥ ನೂಲು ಮಗ್ಗಕ್ಕೆ ಹೋದ ದಿನ ನೇಕಾರರ ಬೆರಳು, ಹಣಿಗೆ, ಪಕ್ಕದ ಬಿಳಿ ಎಳೆ ಎಲ್ಲಾ ನೀಲಿ. ಗಂಜಿ ಹಚ್ಚುವಾಗ ನೂಲು ಮತ್ತೊಮ್ಮೆ ಒದ್ದೆಯಾಗುವುದರಿಂದ ಸಡಿಲ ಬಣ್ಣವೆಲ್ಲ ಅಲ್ಲೇ ಹೊರಬೀಳುತ್ತದೆ. ಅದಕ್ಕೇ ಕೊನೆಯ ಅದ್ದಿನ ಮೇಲೆ ಲಡಿಯನ್ನು ಕೆಲವು ದಿನ ಸುಮ್ಮನೆ ನೇತುಹಾಕಿ, ಬಳಿಕ ಸ್ವಲ್ಪ ವಿನೆಗರ್ ಬೆರೆಸಿದ ನೀರಲ್ಲಿ ಸುಣ್ಣ ಕಳೆದು, ಸಾಬೂನಿನ ಬಿಸಿನೀರಲ್ಲಿ ಜಾಲಿಸುತ್ತಾರೆ. ನೀರು ತಿಳಿಯಾಗುವ ತನಕ ಯಾವ ಲಡಿಯೂ ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು ಜಾಣ್ಮೆಯನ್ನು ಹೇಳಲೇಬೇಕು. ಎಷ್ಟೇ ಜಾಗ್ರತೆ ಮಾಡಿದರೂ ಹತ್ತು ಲಡಿಗಳ ನೀಲಿ ಹತ್ತು ಬಗೆ ಇರುತ್ತದೆ. ಹಾಸು ಹಾಕುವಾಗ ಒಂದು ಲಡಿ ಮುಗಿದ ಮೇಲೆ ಇನ್ನೊಂದು ಎಂದು ಹೋದರೆ ಸೀರೆಯಲ್ಲಿ ಅಗಲ ಪಟ್ಟೆ ಏಳುತ್ತದೆ. ಇಲ್ಲಿ ಬೇರೆ ಬೇರೆ ಲಡಿಯ ಎಳೆಗಳನ್ನು ಒಂದರ ಪಕ್ಕ ಒಂದು ಬರುವಂತೆ ಹೊಂದಿಸುತ್ತಾರೆ. ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಒಡಲಿಗೆ ರಾಸಾಯನಿಕ ನೀಲಿಯಲ್ಲಿ ಕಾಣದ ಒಂದು ಆಳ ಬರುತ್ತದೆ.

ಕೆಂಪಿನ ಪಾಠ ಇಷ್ಟು ಗಟ್ಟಿಯಿಲ್ಲ. ಇಳಕಲ್ ಸೆರಗೆಂದರೆ ಕೆಂಪು, ಅದರ ಹದ ಎಲ್ಲರ ಕಣ್ಣಲ್ಲೂ ಕುಳಿತಿದೆ, ಹಾಗಾಗಿ ಸ್ವಲ್ಪ ಕಂದಿದರೂ ಗೊತ್ತಾಗುತ್ತದೆ. ಹತ್ತಿಗೆ ಹಾಕುವ ಕ್ರಮ ಸರಿಯಾಗಿದೆ: ಕಿಲೋ ನೂಲಿಗೆ 200 ಗ್ರಾಂ ಅಳಲೆಕಾಯಿ ಪುಡಿಯಲ್ಲಿ ನೆನೆಸಿ ಒಣಗಿಸುವುದು, ಆಮೇಲೆ 150 ಗ್ರಾಂ ಪಟಿಕ ಕರಗಿಸಿ ಅದಕ್ಕೆ 20 ಗ್ರಾಂ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಸೇರಿಸಿ, ನೊರೆ ಅಡಗಿದ ಮೇಲೆ ನೂಲನ್ನು ರಾತ್ರಿಯಿಡೀ ಇಡುವುದು, ಕೊನೆಗೆ ಕೆಂಪು ಕೊಡುವ ಮಂಜಿಷ್ಠದ ಬೇರು. ಒಲೆಯ ಉರಿಯ ಮೇಲೆ ಮಾತ್ರ ನಿಗಾ ಸಾಲದು. ಮಂಜಿಷ್ಠದ ಹಂಡೆ 70 ಡಿಗ್ರಿ ದಾಟಬಾರದು. ದಾಟಿದರೆ ಬೇರಿನಲ್ಲಿರುವ ಕಂದು ಅಂಶಗಳೂ ಇಳಿದು ಸೆರಗು ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಕಟ್ಟಿಗೆ ಒಲೆಯ ಮೇಲೆ ಐದಾರು ಮಂದಿ ಒಟ್ಟಿಗೆ ಕೆಲಸ ಮಾಡುವಾಗ ಒಂದೇ ಥರ್ಮಾಮೀಟರ್ ಕೈಯಿಂದ ಕೈಗೆ ಓಡಾಡುತ್ತದೆ. ಇದು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದ ಕೊರತೆ, ಸರಿಪಡಿಸಬೇಕು.

ಕೆಂಪಿನ ಜೊತೆ ನೀರಿನ ಮಾತೂ ಬರುತ್ತದೆ. ಇಲ್ಲಿನ ಬೋರ್‌ವೆಲ್ ನೀರು ಗಡುಸು. ಮಂಜಿಷ್ಠಕ್ಕೆ ಅದು ವರ, ನೀರಿನ ಸುಣ್ಣದ ಅಂಶದಿಂದ ಕೆಂಪು ಇನ್ನಷ್ಟು ಗಟ್ಟಿಯಾಗುತ್ತದೆ. ಅರಗಿನಿಂದ ತೆಗೆದ ಕೆಂಪಿಗೆ ಅದೇ ನೀರು ಶಾಪ: ಬಣ್ಣ ನೂಲಿಗೆ ಹತ್ತದೆ ಗಸಿಯಾಗಿ ತಳಕ್ಕಿಳಿಯುತ್ತದೆ, ಹತ್ತಿದ್ದೂ ನೇರಳೆಗೆ ವಾಲುತ್ತದೆ. ರೇಷ್ಮೆಯ ಅಂಟು ಬಿಡಿಸುವಾಗಲೂ ಸಾಬೂನು ಒಡೆದು ಬಿಳಿ ಕಸರು ಅಂಟುತ್ತದೆ. ಮಳೆನೀರಿನ ತೊಟ್ಟಿ ಇದೆ, ಚಿಕ್ಕದು. ರೇಷ್ಮೆಗೆ ಅರಗಿನ ಬಣ್ಣ ಹಾಕುವ ಯೋಜನೆ ಇದ್ದವರು ಆ ನೀರನ್ನು ತಮಗೆ ಕಾದಿರಿಸಲು ಮೊದಲೇ ಕೇಳಿಕೊಳ್ಳಬೇಕು.

ಹಳದಿ ಸುಲಭ. ಬಾಗಲಕೋಟೆ-ವಿಜಯಪುರ ದಾಳಿಂಬೆಯ ಸೀಮೆ, ಸಿಪ್ಪೆಗೆ ಬರವಿಲ್ಲ. ಒಣಸಿಪ್ಪೆ ನೂಲಿನ ತೂಕದ ಕಾಲುಭಾಗದಷ್ಟಿದ್ದರೆ ಸಾಕು. ಬೂಸಲು ಹಿಡಿದದ್ದನ್ನು ಆರಿಸಿ ಎಸೆಯಬೇಕು, ಇಲ್ಲವಾದರೆ ಹಳದಿಯೊಳಗೆ ಕೆಸರು ಕಾಣುತ್ತದೆ. ಅದೇ ನೂಲನ್ನು ಅನ್ನಭೇದಿಯ (ಕಬ್ಬಿಣದ ಲವಣದ) ನೀರಲ್ಲಿ ಅದ್ದಿ ತೆಗೆದರೆ ಬೂದಿಹಸಿರು. ಅನ್ನಭೇದಿ ಕಿಲೋಗೆ 10-20 ಗ್ರಾಂ ಮೀರಬಾರದು, ಕಬ್ಬಿಣ ಹೆಚ್ಚಾದ ಹತ್ತಿ ವರ್ಷ ಕಳೆದಂತೆ ಪುಡಿಪುಡಿಯಾಗಿ ಹರಿಯುತ್ತದೆ. ಹಸಿರು ಬೇಕಾದರೆ ನೀಲಿ ಮೊದಲು, ಹಳದಿ ಆಮೇಲೆ. ಹಿಂದುಮುಂದಾದರೆ ಸುಣ್ಣದ ಹಂಡೆ ಹಳದಿಯನ್ನು ನುಂಗಿಬಿಡುತ್ತದೆ. ಅರಿಶಿನ, ಬೀಟ್‌ರೂಟ್‌ಗಳನ್ನು ಇಲ್ಲಿ ಒಲೆಗೇ ಏರಿಸುವುದಿಲ್ಲ. ಬಿಸಿಲಿಗೆ ನಿಲ್ಲದ ಬಣ್ಣ ಹಾಕಿದ ಸೀರೆಯನ್ನು ಒಬ್ಬ ಹೆಣ್ಣುಮಗಳಿಗೆ ಮಾರುವುದು ಮೋಸ ಎನ್ನುವುದು ಇಲ್ಲಿನವರ ನಿಲುವು. ಅದಕ್ಕೆ ಕೈ ಮುಗಿಯಬೇಕು. ಪ್ರತಿ ಬಣ್ಣದ ತುಣುಕನ್ನೂ ಅರ್ಧ ರಟ್ಟಿನಲ್ಲಿ ಮುಚ್ಚಿ ಎರಡು ವಾರ ಬಿಸಿಲಿಗಿಟ್ಟು, ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಇರುವ ವ್ಯತ್ಯಾಸ ನೋಡಿದ ಮೇಲೆಯೇ ಅದು ಪಟ್ಟಿಗೆ ಸೇರುತ್ತದೆ.

ಇನ್ನು ಮಗ್ಗ. ಇಲ್ಲಿಯೇ ಶಿಬಿರ ಎಡವುವುದು.

ಇಳಕಲ್ ಸೀರೆಯ ವಿಶೇಷ ಅದರ ತೆನಿ, ಅಂದರೆ ಬೇರೆಯಾಗಿ ಹಾಸಿ ಸೇರಿಸುವ ಸೆರಗು. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ಕೆಂಪು-ಬಿಳಿ ರೇಷ್ಮೆ. ಇವೆರಡೂ ಬೇರೆ ಬೇರೆ ಹಾಸುಗಳು. ಒಡಲಿನ ಪ್ರತಿ ಎಳೆಗೂ ಸೆರಗಿನ ಎಳೆಯನ್ನು ಕುಣಿಕೆಯಲ್ಲಿ ಸಿಕ್ಕಿಸಿ ಸೇರಿಸಿದ ಮೇಲೆಯೇ ನೇಯ್ಗೆ. ಹೀಗಾಗಿ ಹಾಸು ಒಂದು ಸೀರೆಗಾಗುವಷ್ಟೇ, ಆರು, ಎಂಟು ಅಥವಾ ಒಂಬತ್ತು ಗಜ. ಬೇರೆ ಕಡೆಯಂತೆ ಒಮ್ಮೆ ಉದ್ದ ಹಾಸು ಏರಿಸಿ ಸಾಲಾಗಿ ಹತ್ತು ಸೀರೆ ಇಳಿಸುವ ಅನುಕೂಲ ಇಲ್ಲಿಲ್ಲ. ಪ್ರತಿ ಸೀರೆಗೂ ಸಾವಿರಾರು ಎಳೆಗಳನ್ನು ಹೊಸದಾಗಿ ಸೇರಿಸಬೇಕು, ಮನೆಯ ಹೆಂಗಸರು ಕುಳಿತು ಮಾಡುವ ಕೆಲಸ ಅದು. ನೈಸರ್ಗಿಕ ಬಣ್ಣದ ನೂಲು ಇಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಅಳಲೆಕಾಯಿ, ಸುಣ್ಣ ಕಂಡ ಹತ್ತಿ ಒರಟಾಗಿರುತ್ತದೆ, ಕುಣಿಕೆ ಜಾರುವುದಿಲ್ಲ, ಎಳೆದರೆ ಹರಿಯುತ್ತದೆ. ರೇಷ್ಮೆ ಹಿಗ್ಗುತ್ತದೆ, ಹತ್ತಿ ಅಷ್ಟು ಹಿಗ್ಗುವುದಿಲ್ಲ. ಬಿಗಿ ಸಮನಾಗದಿದ್ದರೆ ಒಡಲು-ಸೆರಗು ಸೇರುವ ಗೆರೆ ಅಲೆಅಲೆಯಾಗುತ್ತದೆ. ಗಂಜಿಯನ್ನು ಎಂದಿಗಿಂತ ಸ್ವಲ್ಪ ಮಂದ ಮಾಡಬೇಕು, ಎಳೆ ಒಣಗುವ ಮುನ್ನ ಬಿಡಿಸಬೇಕು. ಈ ಹೊಂದಾಣಿಕೆಗೆಲ್ಲ ಸಮಯ ಬೇಕು.

ಶಿಬಿರದ ವೇಳಾಪಟ್ಟಿ ಮಗ್ಗಕ್ಕೆ ಕೊಡುವುದು ಕೊನೆಯ ಒಂದು ವಾರ. ನಾಲ್ಕು ವಾರದಲ್ಲಿ ಮೂರು ಬಣ್ಣಕ್ಕೆ ಹೋದ ಮೇಲೆ ಉಳಿಯುವುದೇ ಅಷ್ಟು. ಅಷ್ಟರಲ್ಲಿ ಹಾಸು ಹಾಕಿ, ಗಂಜಿ ಹಚ್ಚಿ, ತೆನಿ ಸೇರಿಸಿ, ಕುಣಿ (ಗುಂಡಿ) ಮಗ್ಗಕ್ಕೆ ಏರಿಸಿ, ಮೂರು ಲಾಳಿಯಲ್ಲಿ ಕೊಂಡಿ ಹಾಕಿ ದಡಿ ಕೂಡಿಸಿ ನೇಯುವುದೆಂದರೆ ಆಗುವ ಮಾತಲ್ಲ. ಆದ್ದರಿಂದ ಏನಾಗುತ್ತದೆ? ಬಂದ ಕಲಾವಿದರ ನೂಲನ್ನು ಆಗಲೇ ಮಗ್ಗದಲ್ಲಿದ್ದ ಹಾಸಿನ ನಡುವೆ ಹೊಕ್ಕಾಗಿ (ಅಡ್ಡ ಎಳೆಯಾಗಿ) ಮಾತ್ರ ಹಾಕಿ, ಎರಡು ಮೊಳ ನೇಯ್ದು ಕೊಡುತ್ತಾರೆ. ನೋಡಲು ಚೆಂದವೇ. ಆದರೆ ಹಾಸು ರಾಸಾಯನಿಕ ಬಣ್ಣದ್ದು, ಹೊಕ್ಕು ಗಿಡದ ಬಣ್ಣದ್ದು, ತೆನಿ ಇಲ್ಲ. ಅದನ್ನು ನೈಸರ್ಗಿಕ ಬಣ್ಣದ ಇಳಕಲ್ ಎಂದು ಪ್ರದರ್ಶನದಲ್ಲಿ ತೂಗುಹಾಕುವುದು ಸರಿಯಲ್ಲ. ಸೇರುವ ಗೆರೆಯನ್ನು ಹಿಂದುಮುಂದು ತಿರುವಿ ನೋಡುವ ಅಭ್ಯಾಸವಿರುವ ಯಾರಿಗಾದರೂ ಗೊತ್ತಾಗುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಬಣ್ಣವನ್ನು ಎರಡು ವಾರಕ್ಕೆ ಇಳಿಸುವುದು ತಪ್ಪಾಗುತ್ತದೆ, ಹಂಡೆ ಯಾರ ಮಾತೂ ಕೇಳುವುದಿಲ್ಲ. ಶಿಬಿರವನ್ನು ಆರು ವಾರ ಮಾಡಬೇಕು. ಅದಾಗದಿದ್ದರೆ, ಕಲಾವಿದರು ಬರುವ ಮೊದಲೇ ಇಲ್ಲಿನವರು ಸಾದಾ ನೀಲಿ ಒಡಲಿನ ಒಂದು ಹಾಸನ್ನು ತಮ್ಮ ಹಂಡೆಯಲ್ಲೇ ಬಣ್ಣ ಮಾಡಿ ಸಿದ್ಧ ಇಡಬೇಕು. ಕಲಾವಿದರು ತೆನಿ ಮತ್ತು ದಡಿಯ ರೇಷ್ಮೆಯನ್ನು ಬಣ್ಣ ಮಾಡಲಿ. ತೆನಿಯಲ್ಲೇ ಬೇಕಾದಷ್ಟು ಕೆಲಸವಿದೆ. ಹಣಿಗೆಯ ಹಲ್ಲು, ಕೋಟೆಯ ತೆನೆಗಳಂಥ ಕಮ್ಮಲಿ, ಜೋಳದ ತೆನೆಯ ತೋಪು, ಇವುಗಳ ಅಳತೆ-ಅಂತರ ಬದಲಿಸಿದರೂ ಸೆರಗು ಹೊಸದಾಗುತ್ತದೆ.

ಕೂಲಿಯ ಮಾತು ಇನ್ನೂ ಕಹಿ. ಶುಲ್ಕದಲ್ಲಿ ವಸತಿ, ಊಟ, ಬಣ್ಣದ ಸಾಮಾನು, ಅರ್ಧ ಕಿಲೋ ಹತ್ತಿ ನೂಲು ಸೇರಿವೆ. ನೇಕಾರರ ಕೂಲಿಯನ್ನು ಗಜದ ಲೆಕ್ಕದಲ್ಲಿ ಬೇರೆ ಹಿಡಿಯುತ್ತಾರೆ. ಮಾದರಿ ತುಣುಕಿಗೆ ಗಜದ ಲೆಕ್ಕ ಅನ್ಯಾಯ. ಅರ್ಧ ಗಜದ ಹೊಸ ವಿನ್ಯಾಸಕ್ಕೆ ಒಂದಿಡೀ ದಿನ ಎಳೆ ಎಣಿಸಿ ಕಟ್ಟಬೇಕಾಗುತ್ತದೆ, ಆ ದಿನ ಮಗ್ಗದಿಂದ ಸೀರೆ ಇಳಿಯುವುದಿಲ್ಲ. ದಿನಗೂಲಿಯ ಲೆಕ್ಕವೇ ನ್ಯಾಯ, ತೆನಿ ಸೇರಿಸುವ ಹೆಣ್ಣುಮಕ್ಕಳಿಗೆ ಬೇರೆಯದೇ ಕೂಲಿ ಇರಬೇಕು. ಕೊನೆಯ ಪ್ರದರ್ಶನದ ಚೀಟಿಯಲ್ಲಿ ಕಲಾವಿದರ ಹೆಸರಷ್ಟೇ ಇರುವುದೂ ನಿಲ್ಲಬೇಕು.

ನಡುವೆ ಒಂದು ದಿನ ಗುಳೇದಗುಡ್ಡಕ್ಕೆ ಕರೆದೊಯ್ಯುತ್ತಾರೆ, ಖಣ (ಕುಪ್ಪಸದ ಬಟ್ಟೆ) ನೋಡಲು. ಸೂರ್ಯನಾರಾಯಣ, ತೇರು, ಆನೆ ಹೆಜ್ಜೆ ಮೊದಲಾದ ವಿನ್ಯಾಸಗಳು ಹೆಚ್ಚುವರಿ ಹಾಸಿನಿಂದ ಏಳುವುದನ್ನು ಮಗ್ಗದ ಹಿಂದೆ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ, ಹಾಗಾಗಿ ಈ ಪ್ರಯಾಣ ಬಿಡಬಾರದು. ಕಸೂತಿಯ ಎರಡು ದಿನವೂ ಒಳ್ಳೆಯವು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ನಾಲ್ಕು ಹೊಲಿಗೆಗಳನ್ನೂ ಗಂಟು ಹಾಕದೆ, ಎಳೆ ಎಣಿಸಿಯೇ ಕಲಿಸುತ್ತಾರೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಲು ಬೆಳಕು ಬಟ್ಟೆಯ ಹಿಂದಿನಿಂದ ಬರಬೇಕು. ಕಿಟಕಿ ಪಕ್ಕದ ಜಾಗವನ್ನೇ ಹಿಡಿಯಿರಿ. ಕಸೂತಿಯ ದಾರಕ್ಕೆ ನಿಮ್ಮದೇ ಬಣ್ಣ ಬಳಸುವುದಾದರೆ ಮೊದಲು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಸೂಜಿಗೆ ಪೋಣಿಸಬೇಡಿ.

ಇರಲು ಕೋಣೆಗಳು ಸಾದಾ, ಸ್ವಚ್ಛ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ; ಊಟಕ್ಕೆ ಹೆಸರಿಡುವಂತಿಲ್ಲ. ಬಳಸಿದ ನೀರನ್ನು ಎರಡು ಗುಂಡಿಗಳಲ್ಲಿ ತಿಳಿಗೊಳಿಸಿ ಗಿಡಗಳಿಗೆ ಬಿಡುತ್ತಾರೆ, ಅನ್ನಭೇದಿ ಮತ್ತು ಸುಣ್ಣದ ನೀರನ್ನು ಬೇರೆ ಗುಂಡಿಗೆ. ನೈಸರ್ಗಿಕ ಎಂಬ ಹೆಸರಿನಲ್ಲಿ ಎಲ್ಲವನ್ನೂ ಚರಂಡಿಗೆ ಸುರಿಯುವ ಕಡೆಗಳಿಗಿಂತ ಇದು ಎಷ್ಟೋ ಮೇಲು.

ಬರುವುದಾದರೆ ಅಕ್ಟೋಬರ್-ನವೆಂಬರ್ ಇಲ್ಲವೇ ಫೆಬ್ರುವರಿ ಆರಿಸಿಕೊಳ್ಳಿ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹುದುಗು ಮಲಗಿಬಿಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹಂಡೆ ಚುರುಕಾಗಿರುತ್ತದೆ, ಆದರೆ ಲಡಿ ಜಾಲಿಸಲು ನೀರಿರುವುದಿಲ್ಲ. ಅರ್ಜಿ ಹಾಕುವಾಗಲೇ ಎರಡು ಪ್ರಶ್ನೆ ಬರೆದು ಕೇಳಿ: ನನ್ನ ನೂಲು ಹಾಸಿಗೆ ಹೋಗುತ್ತದೆಯೋ ಹೊಕ್ಕಿಗೆ ಮಾತ್ರವೋ, ನೇಕಾರರಿಗೆ ಕೂಲಿ ದಿನದ ಲೆಕ್ಕವೋ ಗಜದ್ದೋ. ಹಾಸಿಗೆ ಎಂದು ಉತ್ತರ ಬಂದರೆ ಇನ್ನೆರಡು ವಾರ ಹೆಚ್ಚಿಗೆ ಉಳಿಯುವ ಏರ್ಪಾಟು ಮಾಡಿಕೊಂಡೇ ಹೊರಡಿ, ನೂಲಿನ ಒಣ ತೂಕ ನೋಡಲು ಒಂದು ಗ್ರಾಂ ತಕ್ಕಡಿ ಮತ್ತು ನಿಮ್ಮದೇ ಒಂದು ಥರ್ಮಾಮೀಟರ್ ಚೀಲದಲ್ಲಿರಲಿ.